ತೊರೆನಾಡನ್ನು ಬರೆದ ಅಂಜನ್‌ಕುಮಾರ್

ಗುಬ್ಬಿ ತಾಲೂಕಿನಲ್ಲಿ ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿದವರಿಗೆಲ್ಲ ಅಂಜನ್‌ಕುಮಾರ್ ಗೊತ್ತು. ಲೈಸೆನ್ಸ್ ಇರುವ ಸರ್ವೇಯರು, ವಯಸ್ಸು ಮೂವತ್ತೇಳು, ಕುಣಿಗಲ್ ಕಡೆಯ ಕೊತ್ತಗೆರೆಯವನು. ಬದುವಿನ ಮೇಲೆ ಅಣ್ಣತಮ್ಮಂದಿರು ತೋಳೇರಿಸಿಕೊಂಡು ನಿಂತಿದ್ದರೂ ಇವನು ದನಿ ಎತ್ತುತ್ತಿರಲಿಲ್ಲ. ಅಳತೆ ಮುಗಿಸಿ, ಹಳೇ ನಕ್ಷೆ ಬಿಡಿಸಿ, "ಈ ಕಲ್ಲಿಂದ ಈಚೆಗೆ ನಿಮ್ದು, ಆಚೆಗೆ ಅವರ್ದು. ಇಷ್ಟೇ" ಅನ್ನುತ್ತಿದ್ದ. ಆ 'ಇಷ್ಟೇ' ಅನ್ನುವ ಮಾತಿಗೆ ಎಂಥಾ ಜಗಳಗಂಟರೂ ಒಂದು ಕ್ಷಣ ಸುಮ್ಮನಾಗುತ್ತಿದ್ದರು.

ಗುಬ್ಬಿಯ ಕೋಟೆ ಬೀದಿಯ ಹತ್ತಿರ ಒಂದು ರೂಮು ಬಾಡಿಗೆಗೆ ಹಿಡಿದಿದ್ದ. ಮದುವೆಯಾಗಿರಲಿಲ್ಲ. ಕುಣಿಗಲ್‌ನಲ್ಲಿ ಟೀಚರಾಗಿರುವ ಅಕ್ಕ ನೇತ್ರಾವತಿ ತಿಂಗಳಿಗೊಂದು ಹೆಣ್ಣಿನ ಫೋಟೊ ವಾಟ್ಸಾಪಿಗೆ ಕಳಿಸುವಳು. ಒಂದಕ್ಕೆ ಜಾತಕ ಕೂಡಲ್ಲ ಅನ್ನುವನು, ಇನ್ನೊಂದಕ್ಕೆ ಓದು ಜಾಸ್ತಿ ಆಯ್ತು ಅನ್ನುವನು. ಹದಿನೈದು ವರ್ಷದಿಂದ ನೆಪ ಹುಡುಕೀ ಹುಡುಕೀ ನೆಪಗಳೇ ಮುಗಿಯುತ್ತ ಬಂದಿದ್ದವು. ನಿಜವಾದ ಕಾರಣ ಅವನಿಗೆ ಪಿಯುಸಿಯಲ್ಲೇ ಗೊತ್ತಾಗಿತ್ತು. ಕ್ಲಾಸಿನ ಹುಡುಗರೆಲ್ಲ ಯಾವ ಹುಡುಗಿ ಯಾವ ಬಸ್ಸಿಗೆ ಬರುತ್ತಾಳೆ ಅಂತ ಲೆಕ್ಕ ಹಾಕುವಾಗ ಇವನ ಕಣ್ಣು ಲೆಕ್ಕ ಹಾಕುತ್ತಿದ್ದ ಹುಡುಗನೊಬ್ಬನ ಕತ್ತಿನ ಮೇಲೆ ನಿಂತುಬಿಡುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಲು ಒಂದು ಮಾತು ಬೇಕಲ್ಲ. ಅವನಿಗೆ ಗೊತ್ತಿದ್ದ ಮಾತುಗಳೆಲ್ಲ ಬೈಗುಳಗಳೇ.

ಹೀಗಿದ್ದವನು ದಾಳದ ಆಟಕ್ಕೆ ಬಿದ್ದದ್ದು ಊರ್ಡಿಗೆರೆಯ ಒಂದು ಜಮೀನಿನಿಂದ. ತುಮಕೂರಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದ ರಘುನಂದನ ತಮ್ಮ ಮನೆತನದ ಹೊಲದ ಅಳತೆಗೆ ಪರಿಚಯದವರ ಮೂಲಕ ಇವನನ್ನು ಕರೆಸಿದ್ದರು. ಇವನು ಬಿಳಿ ಹಾಳೆಯ ಮೇಲೆ ಕೈಯಲ್ಲೇ ಬಿಡಿಸಿದ ನಕ್ಷೆ ನೋಡಿ, ಹೊಲದ ಮಾತು ಬಿಟ್ಟು, "ಅಂಜನ್‌ಕುಮಾರ್, ಇಲ್ಲದೇ ಇರೋ ಊರಿಗೆ ನಕ್ಷೆ ಬರೀತೀರಾ?" ಅಂತ ಕೇಳಿದರು.

ರಘುನಂದನರ ಮನೆ ಎಸ್.ಎಸ್.ಪುರಂನಲ್ಲಿ. ಭಾನುವಾರ ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ನಾಲ್ಕೈದು ಜನ ಸೇರುತ್ತಿದ್ದರು. ಚೌಕಾಬಾರದ ಹಾಗೆ ಗೆಲ್ಲುವ ಸೋಲುವ ಆಟವಲ್ಲ ಅದು. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು. ರಘುನಂದನ ಕಥೆ ಹೇಳುತ್ತಾರೆ: ಎದುರಿಗೆ ಕಾಡಿದೆ, ಸೇತುವೆ ಮುರಿದಿದೆ, ಏನು ಮಾಡ್ತೀರಿ? ಮಾಡುವುದನ್ನು ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಅಂಕಿಯ ಮೇಲೆ ಕಥೆ ಹೊರಳುತ್ತದೆ. ಕಥೆ ನಡೆಯುವ ಲೋಕಕ್ಕೆ 'ಹನ್ನೆರಡು ಕೋಟೆ ಸೀಮೆ' ಅಂತ ಅವರೇ ಹೆಸರಿಟ್ಟಿದ್ದರು. ರಘುನಂದನರ ತಂಗಿ ಅನನ್ಯ, ಹಲ್ಲಿನ ಡಾಕ್ಟರು, ಅದರಲ್ಲಿ ಮಂತ್ರವಾದಿ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದ ಸಿದ್ದಾರ್ಥ ಕತ್ತಿವರಸೆಯವನು. ಅಂಜನ್‌ಕುಮಾರ್ ಗಡಿ ಕಾಯುವ ಬಿಲ್ಲುಗಾರನಾದ, ಹೆಸರು ಕೇತ.

ಅವನು ಆ ಸೀಮೆಯ ನಕ್ಷೆ ಬರೆದುಕೊಟ್ಟ ಮೇಲೆ ರಘುನಂದನ ಒಬ್ಬೊಬ್ಬರಿಗೆ ಒಂದೊಂದು ನಾಡು ಹಂಚಿದರು. ಆ ನಾಡಿನ ಜನ ಏನು ಉಣ್ಣುತ್ತಾರೆ, ಯಾರನ್ನು ಪೂಜಿಸುತ್ತಾರೆ, ಹೇಗೆ ಮದುವೆಯಾಗುತ್ತಾರೆ, ಎಲ್ಲ ಬರೆದು ತರಬೇಕು. ಅಂಜನ್‌ಕುಮಾರನ ಪಾಲಿಗೆ ಬಂದದ್ದು ಎರಡು ಹೊಳೆಗಳ ನಡುವಿನ ತೊರೆನಾಡು. ಬೇರೆಯವರು ಒಂದೊಂದು ಪುಟ ಬರೆದು ತಂದರೆ ಇವನು ನಲವತ್ತು ಪುಟದ ನೋಟ್‌ಬುಕ್ಕು ತುಂಬಿಸಿ ತಂದ. ದೋಣಿ ಕಟ್ಟುವ ಮರ ಯಾವುದು, ಹೊಳೆ ಉಕ್ಕಿದಾಗ ಗಡಿ ಹೇಗೆ ಗುರುತಿಸಬೇಕು, ಎಲ್ಲವೂ ಇತ್ತು. ಹದಿನೇಳನೇ ಪುಟದಲ್ಲಿ ಮದುವೆಯ ಸಂಗತಿ ಬರೆದಿದ್ದ. ಅದನ್ನು ಗಟ್ಟಿಯಾಗಿ ಓದಿದ.

"ತೊರೆನಾಡಿನಲ್ಲಿ ಮದುವೆಗೆ ಒಲೆ ಕೂಡಿಕೆ ಎನ್ನುತ್ತಾರೆ. ಇಬ್ಬರು ತಮ್ಮ ತಮ್ಮ ಮನೆಯ ಒಲೆಯಿಂದ ಕೆಂಡ ತಂದು ಒಂದು ಒಲೆಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಇಬ್ಬರೂ ಗಂಡಸರೋ, ಇಬ್ಬರೂ ಹೆಂಗಸರೋ, ಒಬ್ಬರು ಅದು ಒಬ್ಬರು ಇದೋ ಎಂದು ಕೇಳುವ ಪದ್ಧತಿ ಇಲ್ಲ. ಒಬ್ಬರು ತೀರಿಕೊಂಡರೆ ಉಳಿದವರು ಹನ್ನೊಂದು ದಿನ ಆರಿದ ಒಲೆಯ ಮುಂದೆ ಕೂರುತ್ತಾರೆ. ಊರು ಅವರಿಗೆ ಊಟ ತಂದುಕೊಡುತ್ತದೆ."

ಮೊದಲು ಮಾತಾಡಿದವಳು ಅನನ್ಯ. "ಎಷ್ಟು ಚೆನ್ನಾಗಿದೆ" ಅಂದಳು, ಮೆಲ್ಲಗೆ. ಸಿದ್ದಾರ್ಥ ಕುರ್ಚಿ ಹಿಂದಕ್ಕೆ ವಾಲಿಸಿ, "ಗುರು, ರಾಕ್ಷಸರು, ಹಾರೋ ಹಾವು, ಎಲ್ಲ ಓಕೆ. ಇದ್ಯಾಕೆ ಮಧ್ಯದಲ್ಲಿ?" ಅಂದ.

"ಹೋದ ವಾರ ನಿನ್ನ ಕತ್ತಿಕಾರ ಕೋಟೆ ನರ್ತಕಿ ಹಿಂದೆ ಹೋದಾಗ ನಾವ್ಯಾರಾದ್ರೂ ಯಾಕೆ ಅಂದ್ವಾ?" ಅನನ್ಯ ಕೇಳಿದಳು.

"ಅದು ನಾರ್ಮಲ್ ಅಲ್ವಾ."

ರಘುನಂದನ ಇಬ್ಬರನ್ನೂ ಸಮಾಧಾನ ಮಾಡಿದರು. ಅವರ ಮೇಜಿನಲ್ಲಿ ಮೊದಲಿಂದಲೂ ಒಂದು ನಿಯಮವಿತ್ತು. ಯಾವ ಪಾತ್ರ ಯಾರ ಜೊತೆ ಮಲಗಲು ಹೋದರೂ 'ದೀಪ ಆರಿತು, ಬೆಳಗಾಯಿತು' ಅಂತ ಹೇಳಿ ಅವರು ಕಥೆಯನ್ನು ಮರುದಿನಕ್ಕೆ ದಾಟಿಸುತ್ತಿದ್ದರು. "ಆ ನಿಯಮ ಎಲ್ಲರಿಗೂ ಒಂದೇ. ತೊರೆನಾಡಿಗೂ ಅದೇ. ಮುಂದಕ್ಕೆ ಹೋಗೋಣ" ಅಂದರು. ಅಂಜನ್‌ಕುಮಾರ್ ನೋಟ್‌ಬುಕ್ಕನ್ನು ಚೀಲಕ್ಕೆ ಸೇರಿಸಿದ. ಆ ದಿನ ಗುಬ್ಬಿಗೆ ವಾಪಸು ಬರುವಾಗ ಬೈಕು ತಾನಾಗೇ ಓಡಿದ ಹಾಗಿತ್ತು ಅವನಿಗೆ. ಇಪ್ಪತ್ತು ವರ್ಷ ಎದೆಯೊಳಗೆ ಇಟ್ಟುಕೊಂಡದ್ದನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ, ಪೆಟ್ಟು ತಿನ್ನದೆ ಎದ್ದು ಬಂದಿದ್ದ.

ಮೂರು ತಿಂಗಳಾದ ಮೇಲೆ ತಿಮ್ಮೇಶ್ ಬಂದ. ಗುಬ್ಬಿಯ ಒಂದು ಖಾಸಗಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಅಂಜನ್‌ಕುಮಾರನ ರೂಮಿನ ಹಿಂದಿನ ಬೀದಿಯವನು. ಇವನಿಗಿಂತ ಐದು ವರ್ಷ ಚಿಕ್ಕವನು. ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಆದ ಪರಿಚಯ. "ಭಾನುವಾರ ಭಾನುವಾರ ತುಮಕೂರಿಗೆ ಎಲ್ಲಿಗೆ ಹೋಗ್ತೀಯಣ್ಣ? ನನ್ನೂ ಕರ್ಕೊಂಡೋಗು" ಅಂತ ಅವನೇ ಗಂಟುಬಿದ್ದ. ಆಟ ಒಂದೇ ದಿನಕ್ಕೆ ಹಿಡಿಸಿತು. ತೊರೆನಾಡಿನ ದೋಣಿ ನಡೆಸುವವನ ಪಾತ್ರ ತೆಗೆದುಕೊಂಡು, ಬಾಗ ಅಂತ ಹೆಸರಿಟ್ಟುಕೊಂಡ. ತಿಮ್ಮೇಶನಿಗೆ ಎಲ್ಲವೂ ಸಲೀಸು. ಜೋರಾಗಿ ನಗುವನು, ಮಾತಾಡುವಾಗ ಎದುರಿನವರ ಭುಜ ಹಿಡಿಯುವನು, ದಾಳ ಉರುಳಿಸುವ ಮುಂಚೆ ಅದಕ್ಕೆ ಉಫ್ ಅಂತ ಊದುವನು.

ಒಲೆ ಕೂಡಿಕೆಯ ಮಾತೆತ್ತಿದವನೂ ಅವನೇ. ಕಥೆಯಲ್ಲಿ ಕೇತನಿಗೆ ಕಾಡಿನವರ ಬಾಣ ತಗುಲಿತ್ತು. ಬಾಗ ಅವನನ್ನು ದೋಣಿಯಲ್ಲಿ ಮಲಗಿಸಿಕೊಂಡು ಮೂರು ದಿನ ಹೊಳೆ ದಾಟಿಸಿದ್ದ. ದಡ ಸೇರಿದ ಮೇಲೆ ಏನು ಮಾಡ್ತೀರಿ ಅಂತ ರಘುನಂದನ ಕೇಳಿದಾಗ ತಿಮ್ಮೇಶ್ ದಾಳ ಕೆಳಗಿಟ್ಟು, "ನಾನು ನಮ್ಮಟ್ಟಿಗೋಗಿ ಕೆಂಡ ತತ್ತೀನಿ. ಇವನಿಗೆ ಒಪ್ಗೆ ಇದ್ರೆ ಒಲೆ ಕೂಡಿಸ್ತೀನಿ" ಅಂದ. ಎಲ್ಲರೂ ಅಂಜನ್‌ಕುಮಾರನ ಕಡೆ ತಿರುಗಿದರು. ಅವನು ಮೇಜಿನ ಮೇಲಿನ ನಕ್ಷೆ ನೋಡುತ್ತ, "ಕೇತ ಒಪ್ತಾನೆ" ಅಂದ. ರಘುನಂದನ 'ದೀಪ ಆರಿತು, ಬೆಳಗಾಯಿತು' ಅಂದರು. ಅನನ್ಯ ಕೆಳಗೆ ಹೋಗಿ ಎಲ್ಲರಿಗೂ ಕೇಸರಿಬಾತು ತಂದಳು. ಆಟದ ಮದುವೆಗೆ ನಿಜವಾದ ಸಿಹಿ ಆಯಿತು.

ಅಲ್ಲಿಂದ ಹನ್ನೊಂದು ತಿಂಗಳು ಕೇತ ಬಾಗ ಒಂದೇ ಮನೆಯಲ್ಲಿ ಬಾಳಿದರು. ಭಾನುವಾರಕ್ಕೆ ನಾಲ್ಕು ಗಂಟೆಯ ಬಾಳು. ಕೋಟೆಗೆ ಮುತ್ತಿಗೆ ಬಿದ್ದಾಗ ಒಬ್ಬರಿಗೊಬ್ಬರು ಅಡ್ಡ ನಿಂತರು; ಮೀನು ಸುಡುವುದು ಹೇಗೆ ಅಂತ ಜಗಳವಾಡಿದರು; ಬಾಗ ಹೇಳದೆ ಕೇಳದೆ ಸಂತೆಗೆ ಹೋಗಿದ್ದಕ್ಕೆ ಕೇತ ಒಂದಿಡೀ ಭಾನುವಾರ ಮುನಿಸಿಕೊಂಡ. ಅಂಜನ್‌ಕುಮಾರ್ ವಾರವೆಲ್ಲ ಹೊಲದ ಬಿಸಿಲಲ್ಲಿ ನಿಂತಾಗ ಮುಂದಿನ ಭಾನುವಾರ ಕೇತ ಏನು ಮಾತಾಡಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಹೋಗುತ್ತ ಬರುತ್ತ ಇಬ್ಬರೂ ಒಂದೇ ಬೈಕು. ತಿಮ್ಮೇಶನ ಕೈ ಇವನ ಭುಜದ ಮೇಲೆ ಇರುತ್ತಿತ್ತು. ಅದು ಎಲ್ಲ ಗೆಳೆಯರೂ ಇಡುವ ಹಾಗೆ ಇಟ್ಟ ಕೈಯೋ, ಬೇರೆಯೋ, ಅಷ್ಟೊಂದು ಅಳತೆ ಬಲ್ಲವನಿಗೆ ಇದೊಂದು ಅಳೆಯಲು ಬರಲಿಲ್ಲ.

ಒಂದು ಸಲ ಹೆಗ್ಗೆರೆಯ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ಅಂಜನ್‌ಕುಮಾರ್ ಧೈರ್ಯ ಮಾಡಿದ. "ತಿಮ್ಮೇಶ, ಬಾಗ ಅಷ್ಟು ಅಕ್ಕರೆಯಾಗಿ ಮಾತಾಡ್ತಾನಲ್ಲ. ಅದು ನಿಂಗೆಲ್ಲಿಂದ ಬರುತ್ತೆ?"

ತಿಮ್ಮೇಶ್ ನಗಲಿಲ್ಲ. "ಮೇಜಿನ ಮೇಲಿಂದು ಮೇಜಿನ ಮೇಲೇ ಇರ್ಲಿ ಕಣಣ್ಣ. ಅದನ್ನ ರಸ್ತೆಗೆ ತಂದ್ರೆ ಇಬ್ರಿಗೂ ಒಳ್ಳೇದಲ್ಲ" ಅಂದ. ಆಮೇಲೆ ಬೈಕು ಹತ್ತಿ ಎಂದಿನಂತೆ ಭುಜ ಹಿಡಿದ. ಆ ಮಾತು 'ಇಲ್ಲ' ಅನ್ನುವುದಾಗಿರಲಿಲ್ಲ. ಅಂಜನ್‌ಕುಮಾರ್ ಅದನ್ನೇ ಹಿಡಿದುಕೊಂಡು ಇನ್ನೂ ನಾಲ್ಕು ತಿಂಗಳು ತಳ್ಳಿದ.

ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ತಿಮ್ಮೇಶ್ ಬೈಕಿನಲ್ಲಿ ಬರಲಿಲ್ಲ. ನೇರ ಬಸ್ಸಿಗೆ ಬರ್ತೀನಿ ಅಂತ ಮೆಸೇಜು ಹಾಕಿದ. ಬಂದವನು ಮೈಸೂರುಪಾಕಿನ ಡಬ್ಬಿ ಮೇಜಿನ ಮೇಲಿಟ್ಟು, ಮದುವೆ ಗೊತ್ತಾಯಿತು ಅಂದ. ಹುಡುಗಿ ಪೂಜಾ, ಕೋರದವಳು, ಬಿ.ಎಡ್. ಓದಿದವಳು. ಎಲ್ಲರೂ ಕೈ ಕುಲುಕಿದರು. ಅಂಜನ್‌ಕುಮಾರನೂ ಕುಲುಕಿದ.

"ಇನ್ನೊಂದು ವಿಷ್ಯ ಸಾರ್" ಅಂದ ತಿಮ್ಮೇಶ್, ರಘುನಂದನರಿಗೆ. "ನಾನಿನ್ಮೇಲೆ ಬರಕ್ಕಾಗಲ್ಲ. ಬಾಗನ್ನ ಇವತ್ತೇ ಮುಗಿಸ್ಬುಡಿ."

"ಊರು ಬಿಟ್ಟು ಹೋದ ಅಂತ ಮಾಡೋಣ. ಯಾವಾಗಾದ್ರೂ ವಾಪಸ್ ಬರಬಹುದು."

"ಬೇಡ ಸಾರ್. ಸಾಯ್ಲಿ."

ರಘುನಂದನ ಒಳ್ಳೆಯ ಕಥೆಗಾರರು. ಹೊಳೆಗೆ ಪ್ರವಾಹ ತಂದರು. ನೆರೆಯಲ್ಲಿ ಸಿಕ್ಕಿಬಿದ್ದ ಒಂದು ಕುಟುಂಬವನ್ನು ದಡ ಸೇರಿಸಿ ಬಾಗನ ದೋಣಿ ಮಗುಚಿತು. ಕೇತನಿಗೆ ಹಗ್ಗ ಎಸೆಯಲು ಒಂದು ಅವಕಾಶವಿತ್ತು. ಅಂಜನ್‌ಕುಮಾರ್ ದಾಳ ಉರುಳಿಸಿದ, ಹತ್ತೊಂಬತ್ತು ಬಿತ್ತು. ಹತ್ತೊಂಬತ್ತಕ್ಕೆ ಯಾವನನ್ನಾದರೂ ಬದುಕಿಸಬಹುದು. ಹಗ್ಗ ಸರಿಯಾಗಿ ಬಾಗನ ಕೈಗೇ ಬಿತ್ತು ಅಂತ ರಘುನಂದನ ಹೇಳಿ, ಏನು ಮಾಡುವುದೆಂದು ತೋಚದೆ ತಿಮ್ಮೇಶನ ಮುಖ ನೋಡಿದರು.

"ಬಾಗ ಹಗ್ಗ ಬಿಟ್ಬುಡ್ತಾನೆ" ಅಂದ ತಿಮ್ಮೇಶ್.

ಅವನು ಐದು ಗಂಟೆಯ ಬಸ್ಸಿಗೆ ಅಂತ ಎದ್ದುಹೋದ. ಉಳಿದವರು ಟೀ ಕುಡಿದರು. ರಘುನಂದನ ಹೊಸ ಕಥೆ ಶುರುಮಾಡಲು ಹಾಳೆ ತೆಗೆದಾಗ ಅಂಜನ್‌ಕುಮಾರ್ ಅವರನ್ನು ತಡೆದ. "ಕೇತ ಹನ್ನೊಂದು ದಿನ ಕೂರಬೇಕು ಸರ್. ಪದ್ಧತಿ ಇದೆ."

"ಆಯ್ತು. ಕೂತ ಅಂತ ಬರ್ಕೊಳ್ಳೋಣ. ಹನ್ನೆರಡನೇ ದಿನಕ್ಕೆ ಹೋಗೋಣ."

"ಹಾಗಲ್ಲ ಸರ್. ಒಂದೊಂದು ದಿನಾನೂ ಆಡಬೇಕು."

ಸಿದ್ದಾರ್ಥನಿಗೆ ನಗು ಬಂತು. "ಅಂಜಣ್ಣ, ನಿಜವಾಗ್ಲೂ ಗಂಡ ಸತ್ತೋನ ಥರ ಆಡ್ತಿದೀಯಲ್ಲ. ಅವನಿಗೆ ಮದುವೆ ಗೊತ್ತಾಗಿರೋದು ಕಣಪ್ಪ, ತಿಥಿ ಅಲ್ಲ."

ಅಂಜನ್‌ಕುಮಾರನ ಮುಖ ಆಗ ಹೇಗಾಯಿತೋ, ಸಿದ್ದಾರ್ಥ ನಗು ಅರ್ಧಕ್ಕೇ ನಿಲ್ಲಿಸಿದ. ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಒಂದೇ ಸಲ ತಿಳಿದುಹೋಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅನನ್ಯ ತನ್ನ ಕುರ್ಚಿಯನ್ನು ಸ್ವಲ್ಪ ಇವನ ಕಡೆ ಎಳೆದುಕೊಂಡು, "ಮೊದಲನೇ ದಿನ. ನಾನು ಕೇತನಿಗೆ ಊಟ ತಂದಿದೀನಿ" ಅಂದಳು. "ಉಣ್ಣಲ್ಲ" ಅಂದ ಇವನು. "ಪಕ್ಕದಲ್ಲಿಟ್ಟು ಹೋಗ್ತೀನಿ" ಅಂದಳು. ಹಾಗೆ ಅವತ್ತು ಕಥೆಯ ನಾಲ್ಕು ದಿನದವರೆಗೆ ಆಡಿದರು. ಐದನೆಯ ದಿನಕ್ಕೆ ಬರುವಷ್ಟರಲ್ಲಿ ರಘುನಂದನರ ಮನೆಗೆ ನೆಂಟರು ಬಂದರು, ಆಟ ನಿಂತಿತು. ಮುಂದಿನ ವಾರ ಯಾರೂ ಅದನ್ನು ಮತ್ತೆ ಎತ್ತಲಿಲ್ಲ. ಇವನೂ ಕೇಳಲಿಲ್ಲ.

ಮದುವೆ ಗುಬ್ಬಿಯಲ್ಲೇ ಆಯಿತು. ಅಂಜನ್‌ಕುಮಾರ್ ಬಿಳಿ ಅಂಗಿ ತೊಟ್ಟು, ಒಂದು ಗೋಡೆ ಗಡಿಯಾರ ಹಿಡಿದು ಸಾಲಿನಲ್ಲಿ ನಿಂತು ಸ್ಟೇಜು ಹತ್ತಿದ. ಪೂಜಾ ಬೆವರುತ್ತಿದ್ದಳು, ಒಳ್ಳೆಯ ಹುಡುಗಿಯ ಹಾಗೆ ಕಂಡಳು. "ನೀವೇನಾ ಅಂಜಣ್ಣ? ಇವ್ರು ಫೋನಲ್ಲಿ ಮಾತಾಡಿದ್ರೆ ಸಾಕು, ನಿಮ್ಮ ವಿಷಯಾನೇ ಹೇಳೋರು" ಅಂದಳು. ತಿಮ್ಮೇಶ್ ಫೋಟೊದವನ ಕಡೆ ನೋಡುತ್ತಿದ್ದ. ಇವನು ಮೂವರ ಫೋಟೊಕ್ಕೆ ನಿಂತ. ಎರಡನೇ ಪಂಕ್ತಿಯಲ್ಲಿ ಕೂತು, ಬಡಿಸಿದ್ದನ್ನೆಲ್ಲ ತಿಂದು, ಎಲೆ ಮಡಿಸಿ ಎದ್ದ. ಮಧ್ಯಾಹ್ನ ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದ. ಅಳು ಬರಬಹುದು ಅಂತ ಕಾದ. ಬರಲಿಲ್ಲ. ಮೈಯೆಲ್ಲ ಜ್ವರ ಬಂದು ಬಿಟ್ಟಂತೆ ಭಾರವಾಗಿತ್ತು, ಅಷ್ಟೇ.

ಭಾನುವಾರಗಳನ್ನು ಅವನು ಬಿಡಲಿಲ್ಲ. ಬಿಟ್ಟರೆ ಹೋಗಲು ಬೇರೆ ಜಾಗ ಇರಲಿಲ್ಲ. ಅಷ್ಟರಲ್ಲಿ ರಘುನಂದನರು ಹನ್ನೆರಡು ಕೋಟೆ ಸೀಮೆಯನ್ನು ಪುಸ್ತಕ ಮಾಡಲು ಹೊರಟಿದ್ದರು. ಕನ್ನಡದಲ್ಲಿ ಇಂಥ ಆಟದ ಪುಸ್ತಕ ಬೇಕು, ಕಾಲೇಜಿನ ಹುಡುಗರು ಆಡಲಿ ಅನ್ನುವುದು ಅವರ ಆಸೆ. ಸಂಕ್ರಾಂತಿ ಕಳೆದ ಮೇಲೆ ಪ್ರೂಫ್ ಬಂತು. ಒಳಗೆ ಅಂಜನ್‌ಕುಮಾರನ ನಕ್ಷೆ ಎರಡು ಪುಟ ತುಂಬ ಹರಡಿತ್ತು, ಕೆಳಗೆ ಅವನ ಹೆಸರು. ಅವನು ತೊರೆನಾಡಿನ ಭಾಗಕ್ಕೆ ಪುಟ ತಿರುವಿದ. ದೋಣಿಯ ಮರ ಇತ್ತು, ಹೊಳೆಯ ಗಡಿ ಇತ್ತು. ಒಲೆ ಕೂಡಿಕೆಯ ಕಡೆ 'ಒಬ್ಬ ಗಂಡು, ಒಬ್ಬ ಹೆಣ್ಣು ತಮ್ಮ ತಮ್ಮ ಮನೆಯ ಒಲೆಯಿಂದ' ಅಂತ ಅಚ್ಚಾಗಿತ್ತು. 'ಕೇಳುವ ಪದ್ಧತಿ ಇಲ್ಲ' ಅನ್ನುವ ಸಾಲೇ ಇರಲಿಲ್ಲ. ಸಿದ್ದಾರ್ಥನ ನರ್ತಕಿಯರಿಗೆ ಮಾತ್ರ ಒಂದೂವರೆ ಪುಟ ಹಾಗೇ ಉಳಿದಿತ್ತು.

"ಇದನ್ನ ಬದಲಾಯಿಸಿದೀರಿ" ಅಂದ.

ರಘುನಂದನ ಕನ್ನಡಕ ತೆಗೆದು ಒರೆಸಿದರು. "ಅಂಜನ್, ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ನಿಮಗೆ ಗೊತ್ತು. ಆದ್ರೆ ಇದು ನನ್ನ ಸ್ಟೂಡೆಂಟ್ಸ್ ಕೈಗೆ ಹೋಗುತ್ತೆ. ಪೇರೆಂಟ್ಸ್ ಬಂದು ಕೇಳಿದ್ರೆ ಏನು ಹೇಳ್ಲಿ? ಒಂದು ಸಾಲು ತಾನೆ. ನಾಡೆಲ್ಲ ನಿಮ್ಮದೇ ಇದೆಯಲ್ಲ."

"ಆ ಸಾಲಿಗೋಸ್ಕರಾನೇ ಸರ್ ಆ ನಾಡು ಬರೆದದ್ದು."

ಅನನ್ಯ ಅಣ್ಣನ ಜೊತೆ ವಾದಕ್ಕಿಳಿದಳು. ಅವಳ ದನಿ ಏರಿತು, ಅವರ ದನಿಯೂ ಏರಿತು. ಅಂಜನ್‌ಕುಮಾರ್ ಅದನ್ನು ಕೇಳುತ್ತ ಕೂರಲಿಲ್ಲ. ಮೂಲ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದರು. ಎದ್ದು, ನಾಲ್ಕು ಮೂಲೆಯ ಟೇಪನ್ನೂ ಉಗುರಿನಿಂದ ಬಿಡಿಸಿ, ಅದನ್ನು ಸುರುಳಿ ಸುತ್ತಿದ. "ನನ್ನ ಹೆಸರು ತೆಗೆದುಬಿಡಿ ಸರ್. ನಕ್ಷೆ ಬೇರೆಯವರ ಹತ್ರ ಬರೆಸ್ಕೊಳ್ಳಿ" ಅಂದ. ಬಾಗಿಲವರೆಗೂ ಅನನ್ಯ ಬಂದಳು. ಫೋನ್ ಮಾಡ್ತೀನಿ ಅಂದಳು. ಮಾಡಿದಳು ಕೂಡ, ಎರಡು ಮೂರು ಸಲ. ಅವನಿಗೇ ಏನು ಮಾತಾಡಬೇಕು ಅಂತ ತಿಳಿಯಲಿಲ್ಲ. ಅವರಿಬ್ಬರೂ ಮಾತಾಡಿದ್ದೆಲ್ಲ ಮಂತ್ರವಾದಿ, ಬಿಲ್ಲುಗಾರ ಆಗಿ. ಅದಿಲ್ಲದೆ ಅವಳು ಎಸ್.ಎಸ್.ಪುರಂನ ಡಾಕ್ಟರು, ಇವನು ಗುಬ್ಬಿಯ ಸರ್ವೇಯರು.

ಅವರೆಕಾಯಿ ಮುಗಿಯುವ ಕಾಲದಲ್ಲಿ ಅವನು ಕುಣಿಗಲ್‌ಗೆ ಅಕ್ಕನ ಮನೆಗೆ ಹೋದ. ನೇತ್ರಾವತಿ ಜಗಲಿಯ ಮೇಲೆ ಕೂತು ಕಾಳು ಹಿಚುಕುತ್ತಿದ್ದಳು. ಇವನೂ ಮೊರದ ಆಚೆ ಬದಿಗೆ ಕೂತ. ಮಾಗಡಿ ಕಡೆಯ ಒಂದು ಸಂಬಂಧದ ಮಾತು ತೆಗೆದಳು. ಈ ಸಲ ಇವನು ನೆಪ ಹುಡುಕಲಿಲ್ಲ.

"ಅಕ್ಕ, ನಂಗೆ ಹೆಂಗಸರ ಮೇಲೆ ಮನಸಿಲ್ಲ. ಯಾವತ್ತೂ ಇರ್ಲಿಲ್ಲ. ನನ್ನ ಮನಸು ಗಂಡಸರ ಕಡೆ. ಒಬ್ಬ ಇದ್ದ. ಈಗಿಲ್ಲ."

ಅವಳ ಕೈ ನಿಲ್ಲಲಿಲ್ಲ. ಹಿಚುಕಿದ ಕಾಳು ಪಾತ್ರೆಗೆ ಬೀಳುತ್ತಲೇ ಇತ್ತು. ತಲೆ ಎತ್ತದೆ, "ನಂಗೆ ಗೊತ್ತಿತ್ತು ಕಣೋ" ಅಂದಳು. "ನೀನು ಡಿಗ್ರಿ ಓದೋವಾಗ್ಲೇ ಅನುಮಾನ ಇತ್ತು. ಅದಕ್ಕೇ ಬೇಗ ಮದ್ವೆ ಮಾಡ್ಬುಟ್ರೆ ಸರಿಹೋಗುತ್ತೆ ಅಂತ ಒದ್ದಾಡ್ದೆ."

"ಗೊತ್ತಿದ್ದೂ ಫೋಟೊ ಕಳಿಸ್ತಿದ್ಯಾ?"

"ಇನ್ನೇನ್ ಮಾಡ್ಲಿ. ಊರಲ್ಲಿ ಅಮ್ಮಂಗೆ ಹೇಳ್ಬೇಡ. ನಿಮ್ ಭಾವಂಗೂ ಬೇಡ. ನಂಗೆ ಹೇಳಿದ್ಯಲ್ಲ, ಇಲ್ಲಿಗೇ ಮುಗೀಲಿ."

ಊಟಕ್ಕೆ ಹಿತಕಿದಬೇಳೆ ಸಾರು, ಮುದ್ದೆ. ಭಾವ ಮಳೆ ಬೆಳೆ ವಿಚಾರಿಸಿದರು. ಬಸ್ಸು ಹತ್ತಿಸಲು ನೇತ್ರಾವತಿ ಸ್ಟ್ಯಾಂಡಿಗೆ ಬಂದಳು. ಹೊರಡುವಾಗ ತಮ್ಮನ ಕೈ ಹಿಡಿಯಲು ಮುಂದಾಗಿ, ಸೆರಗು ಸರಿಮಾಡಿಕೊಂಡಳು. ಅಂದಿನಿಂದ ಫೋಟೊ ಬರುವುದು ನಿಂತಿತು. ಫೋನೂ ಕಡಿಮೆಯಾಯಿತು. ಊಟ ಆಯ್ತಾ, ಆಯ್ತು, ಅಮ್ಮ ಹೇಗಿದ್ದಾಳೆ, ಇದ್ದಾಳೆ. ಅಕ್ಕ ತಮ್ಮನಿಗೆ ಅಷ್ಟರಲ್ಲೇ ಮಾತು ಮುಗಿದುಹೋಗುತ್ತಿತ್ತು.

ಈಗ ಎರಡು ವರ್ಷವಾಯಿತು. ಪುಸ್ತಕ ಬೇರೆ ನಕ್ಷೆಯ ಜೊತೆ ಬಂತೆಂದು ಯಾರೋ ಹೇಳಿದರು, ಅವನು ನೋಡಿಲ್ಲ. ಹದ್ದುಬಸ್ತಿನ ಕೆಲಸಕ್ಕೇನೂ ಕೊರತೆಯಿಲ್ಲ. ಮೊನ್ನೆ ಗುಬ್ಬಿ ಬಸ್ ಸ್ಟ್ಯಾಂಡಿನ ಮುಂದೆ ತಿಮ್ಮೇಶ್ ಎದುರಾದ. ಬೈಕು ನಿಲ್ಲಿಸಿದ, ಇಳಿಯಲಿಲ್ಲ. ಪೂಜಾ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಈಗ ಏಳು ತಿಂಗಳು ಅಂದ. ಒಳ್ಳೇದಾಯ್ತು ಅಂದ ಅಂಜನ್‌ಕುಮಾರ್.

"ಭಾನುವಾರ ಏನ್ಮಾಡ್ತೀಯಣ್ಣ ಈಗ?"

"ಬಟ್ಟೆ ಒಗೀತೀನಿ. ಮಲಗ್ತೀನಿ."

ತಿಮ್ಮೇಶ್ ಏನೋ ಹೇಳಲು ಬಾಯಿ ತೆರೆದ. ಹಿಂದಿನಿಂದ ತಿಪಟೂರು ಬಸ್ಸಿನವನು ಹಾರ್ನ್ ಹೊಡೆದ. "ಬರ್ತೀನಣ್ಣ" ಅಂತ ಗಾಡಿ ಪಕ್ಕಕ್ಕೆ ತೆಗೆದು, ಹಾಗೇ ಹೊರಟುಹೋದ. ಅಂಜನ್‌ಕುಮಾರನಿಗೆ ಆ ದಿನ ಹನ್ನೊಂದು ಗಂಟೆಗೆ ಒಂದು ಅಳತೆ ಇತ್ತು. ಹೊಲದವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಬರ್ತಾ ಇದೀನಿ ಅಂತ ಹೇಳಿ ಅವನು ರಸ್ತೆ ದಾಟಿದ.